ಎಣ್ಣೆ ಹಚ್ಚಬಾರದ ಬುಗುರಿ

ಆ ಸದ್ದು ಮೊದಲ ಸಲ ಕೇಳಿದ ದಿನ ನಾನು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸು ಕೆಟ್ಟಿತೆಂದೇ ತಿಳಿದೆ. ಎರಡು ಸಾವಿರದ ಹನ್ನೊಂದರ ಜೂನ್ ತಿಂಗಳು, ಫರ್ನೇಸು ಆರಿಸಿ ಎಷ್ಟೋ ದಿನವಾಗಿತ್ತು. ಆದರೂ ತಲೆಗೆ ಹೊಳೆದದ್ದು ಅದೇ. ಒಬ್ಬಳಿಗೆ ಸಾಕಾಗುವಷ್ಟು ಅವಲಕ್ಕಿ ನೆನೆಹಾಕುತ್ತಿದ್ದೆ. ಎಲ್ಲಿಂದಲೋ ಗುಂಯ್ ಎಂದು ಶುರುವಾದದ್ದು ಏರುತ್ತ ಏರುತ್ತ ಹೋಗಿ, ಒಂದು ಕಡೆ ನಿಂತು, ಬಿಡದೆ ಕೊರೆಯತೊಡಗಿತು. ಬೇಸ್‌ಮೆಂಟಿಗೆ ಇಳಿದು ಫರ್ನೇಸಿಗೆ ಕಿವಿಯಿಟ್ಟೆ, ವಾಶಿಂಗ್ ಮೆಷೀನಿನ ಮೇಲೆ ಕೈಯಿಟ್ಟೆ. ಎಲ್ಲವೂ ಸುಮ್ಮನಿದ್ದವು.

ನಮ್ಮವರು ಇದ್ದಿದ್ದರೆ ಆ ಗಳಿಗೆಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಿದ್ದರು. ಇಲ್ಲಿ ಕೆನಡಾದ ವಾನ್ ಊರಿನ ಒಂದು ಬೇರಿಂಗ್ ಫ್ಯಾಕ್ಟರಿಯಲ್ಲಿ ರಿಟೈರಾಗುವ ತನಕ ಇಂಜಿನಿಯರಾಗಿದ್ದವರು. ಒಂದು ಲೋಹ ಇನ್ನೊಂದಕ್ಕೆ ಉಜ್ಜದ ಹಾಗೆ, ತಿರುಗುವುದೆಲ್ಲ ಸದ್ದಿಲ್ಲದೆ ತಿರುಗುವ ಹಾಗೆ ನೋಡಿಕೊಳ್ಳುವುದೇ ಅವರ ಉದ್ಯೋಗ. ಮನೆಯಲ್ಲೂ ಅದೇ ಚಾಳಿ. ಬಾಗಿಲು ಕಿರ್ ಎಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಸದ್ದು ಮಾಡುವ ಮೆಷೀನು ಅಂದರೆ ಹುಷಾರಿಲ್ಲದ ಮೆಷೀನು ಎಂದು ನನಗೆ ಪಾಠ ಹೇಳುತ್ತಿದ್ದರು. ಹಾಗಾದರೆ ದಿನವಿಡೀ ಸದ್ದು ಮಾಡುವ ನನ್ನ ಕತೆಯೇನು ಎಂದು ಕೇಳಿದರೆ, ನಿನಗೆ ಹಾಕುವ ಎಣ್ಣೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ ಅನ್ನುತ್ತಿದ್ದರು.

ಆ ವರ್ಷ ಫೆಬ್ರವರಿಯಲ್ಲಿ ಡ್ರೈವ್‌ವೇಯ ಹಿಮ ತೆಗೆದು ಒಳಗೆ ಬಂದು, ಬೂಟು ಬಿಚ್ಚಲು ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ.

ನಾನು ಅಳಲಿಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಕ್ರಿಮೆಟೋರಿಯಮ್ಮಿನಲ್ಲೂ ಇಲ್ಲ, ವೈಕುಂಠ ಸಮಾರಾಧನೆಯ ದಿನವೂ ಇಲ್ಲ. ಬಂದವರು ಗಟ್ಟಿಗಿತ್ತಿ ಎಂದು ಹೊಗಳಿದರು. ಗಟ್ಟಿಯೂ ಇಲ್ಲ ಮಣ್ಣೂ ಇಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ನಮ್ಮ ಕೆನ್ನೆಯೇ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು. ತಿನ್ನುತ್ತಿದ್ದೆ, ಮಲಗುತ್ತಿದ್ದೆ, ಮಂಗಳವಾರ ತಪ್ಪದೆ ಕಸದ ಡಬ್ಬ ಹೊರಗಿಡುತ್ತಿದ್ದೆ. ಒಳಗೆ ಒಂದು ಹೆದರಿಕೆ ಮಾತ್ರ ಉಸಿರಾಡುತ್ತಿತ್ತು. ಇಷ್ಟು ವರ್ಷ ಜೊತೆಗಿದ್ದ ಮನುಷ್ಯನಿಗೆ ಒಂದು ಹನಿ ಕಣ್ಣೀರನ್ನೂ ಹಾಕದೆ ನಾನೂ ಹೊರಟುಹೋಗುತ್ತೇನೇನೋ ಎಂಬ ಹೆದರಿಕೆ.

ಬ್ರ್ಯಾಂಪ್ಟನ್‌ನಲ್ಲಿರುವ ಮಗಳಿಗೂ ಅದೇ ಚಿಂತೆ. ದಿನಾ ಕೆಲಸ ಮುಗಿಸಿ ಕಾರಿನಿಂದ ಫೋನು ಮಾಡುವವಳು. "ಅಮ್ಮ, ಯು ಹ್ಯಾವ್ ಟು ಲೆಟ್ ಇಟ್ ಔಟ್. ಹೀಗೆ ಒಳಗೇ ಇಟ್ಕೊಂಡ್ರೆ ನಿಂಗೇನಾದ್ರೂ ಆಗತ್ತೆ," ಎಂದಳು ಒಂದು ದಿನ. ಒಳಗೆ ಇದ್ದರೆ ತಾನೆ ಹೊರಗೆ ಬಿಡುವುದು? ಅವಳೇ ಹುಡುಕಿ ಒಂದು ಗುಂಪಿಗೆ ಸೇರಿಸಿದಳು. ಸುತ್ತಲೂ ಕುರ್ಚಿ ಹಾಕಿಕೊಂಡು, ಕಳೆದುಕೊಂಡವರ ಬಗ್ಗೆ ಹೇಳಿಕೊಂಡು ಅಳುವ ಗುಂಪು. ಟಿಶ್ಯೂ ಡಬ್ಬ ಕೈಯಿಂದ ಕೈಗೆ ಬಂದಾಗ, ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ದಾಟಿಸುವ ಹಾಗೆ ಪಕ್ಕದವರಿಗೆ ದಾಟಿಸಿ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ.

ಇಂಥ ಸ್ಥಿತಿಯಲ್ಲಿ ಆ ಗುಂಯ್ ಸದ್ದು. ಎರಡನೆಯ ದಿನವೂ ಬಂತು, ಮೂರನೆಯ ದಿನವೂ ಬಂತು, ಅದೂ ಬೆಳಗಿನ ಅದೇ ಹೊತ್ತಿಗೆ. ಮನೆಯ ಹಿಂದಿನ ಪಾರ್ಕಿನಿಂದ ಅಂತ ಗೊತ್ತಾಯಿತು. ಏನೂ ಅನ್ನಿಸದವಳಿಗೆ ಸಿಟ್ಟು ಮಾತ್ರ ಎಲ್ಲಿಂದ ಬರುತ್ತಿತ್ತೋ, ನನಗೆ ತಿಳಿಯದು, ಅದು ಹುಟ್ಟುಗುಣವಿರಬೇಕು. ಚಪ್ಪಲಿ ಮೆಟ್ಟಿ, ನೈಟಿಯ ಮೇಲೆ ಸ್ವೆಟರು ಹಾಕಿಕೊಂಡು, ನಾಲ್ಕು ಮಾತು ಬೈದು ಬರುತ್ತೇನೆಂದು ಹೊರಟೆ.

ಪಾರ್ಕಿನಲ್ಲಿ ಚೀನೀ ಹಿರಿಯರು ಕೈಕಾಲು ಆಡಿಸುತ್ತ ನಿಂತಿರುವುದು ನಾವಿರುವ ಮಾರ್ಕಂನಲ್ಲಿ ಹೊಸದೇನಲ್ಲ. ಅವರಿಂದ ಸ್ವಲ್ಪ ದೂರದಲ್ಲಿ, ಹೆಚ್ಚುಕಡಿಮೆ ನನ್ನ ವಯಸ್ಸಿನ ಒಬ್ಬಾಕೆ ಎರಡು ಕೈಯಲ್ಲಿ ಎರಡು ಕೋಲು ಹಿಡಿದಿದ್ದಳು. ಕೋಲಿನಿಂದ ಕೋಲಿಗೆ ಒಂದು ದಾರ. ಆ ದಾರದ ಮೇಲೆ ಒಂದು ಬುಗುರಿ ಗಿರ್ರನೆ ತಿರುಗುತ್ತಿತ್ತು. ಬುಗುರಿಯೆಂದರೆ ನಾವು ಮೈಸೂರಿನ ಬೀದಿಯಲ್ಲಿ ಆಡಿದಂಥದ್ದಲ್ಲ. ಚಪ್ಪಟೆ ಡಬ್ಬಿಯಂಥ ಬಿದಿರಿನ ಒಂದು ಚಕ್ರ, ಅದರ ಒಂದು ಮಗ್ಗುಲಿಗೆ ನಡು ಸಣ್ಣಗಿರುವ ಮರದ ಗೂಟ. ದಾರ ಹಿಡಿದಿದ್ದು ಆ ಸಣ್ಣ ನಡುವನ್ನು. ಚಕ್ರದ ಅಂಚಿನ ಸುತ್ತ ಸೀಳುಗಳು. ಒಳಗೆಲ್ಲ ಟೊಳ್ಳು. ತಿರುಗುವಾಗ ಗಾಳಿ ಆ ಸೀಳುಗಳಿಗೆ ನುಗ್ಗಿ, ಬಾಟಲಿಯ ಬಾಯಿಗೆ ಊದಿದರೆ ಬರುವಂಥ ಸದ್ದು ಬರುತ್ತಿತ್ತು. ವೇಗ ಹೆಚ್ಚಿದಂತೆ ಸ್ವರ ಏರುತ್ತಿತ್ತು.

ಬೈಯಲು ಬಾಯಿ ತೆರೆದವಳು ಬೆಂಚಿನ ಪಕ್ಕ ನೋಡಿದೆ. ಗಾಲಿಕುರ್ಚಿಯಲ್ಲಿ, ಮಂಡಿಯ ಮೇಲೆ ಕಂಬಳಿ ಹೊದ್ದ ಒಬ್ಬ ವೃದ್ಧ. ಬಲಗೈ ತೊಡೆಯ ಮೇಲೆ ಸತ್ತು ಬಿದ್ದಿತ್ತು, ಬಾಯಿ ಒಂದು ಕಡೆಗೆ ಜಗ್ಗಿತ್ತು. ಆಕೆಯ ಕೈ ಸೋತು ಸ್ವರ ಸ್ವಲ್ಪ ಇಳಿಯಿತು. ತಕ್ಷಣ ಆತ ಎಡಗೈಯಿಂದ ಕುರ್ಚಿಯ ಕೈಯನ್ನು ಪಟ್ ಎಂದು ಬಡಿದ. ಆಕೆ ಜೋರಾಗಿ ಎಳೆದಳು, ಸ್ವರ ಏರಿತು, ಆತನ ಕೈ ಸುಮ್ಮನಾಯಿತು. ನಾನು ಬಾಯಿ ಮುಚ್ಚಿಕೊಂಡು ಬೆಂಚಿನ ತುದಿಯಲ್ಲಿ ಕೂತೆ.

ಶನಿವಾರಗಳಲ್ಲಿ ಅವರ ಸೊಸೆ ಬರುತ್ತಿದ್ದಳು. ಆ ಗಂಡ ಹೆಂಡತಿಗೆ ಇಂಗ್ಲಿಷ್ ಬಾರದು, ನನಗೆ ಎಲ್ಲ ಹೇಳಿದ್ದು ಅವಳೇ. ಆ ಆಟಿಕೆಯ ಹೆಸರಿಗೆ ಟೊಳ್ಳು ಬಿದಿರು ಎಂದರ್ಥವಂತೆ. ಮಾವ ತಮ್ಮ ಊರಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ರಜೆ ಬಂದರೆ ಬಿದಿರು ಕೆತ್ತುವ ಹುಚ್ಚು. ಈ ಒಂದನ್ನು ಅವರೇ ಮಾಡಿ, ಒಂದೊಂದು ಸೀಳನ್ನೂ ಸ್ವರ ನೋಡಿ ನೋಡಿ ಕೊರೆದು, ಕೆನಡಾಕ್ಕೆ ಬರುವಾಗ ಸ್ವೆಟರಿನಲ್ಲಿ ಸುತ್ತಿ ತಂದದ್ದು. ಸ್ಟ್ರೋಕ್ ಆದ ಮೇಲೆ ಮಾತು ಹೋಯಿತು. ಟಿವಿಗೆ ತಿರುಗುವುದಿಲ್ಲ, ಮೊಮ್ಮಕ್ಕಳಿಗೆ ತಿರುಗುವುದಿಲ್ಲ, ಕರೆದರೆ ತಿರುಗುವುದಿಲ್ಲ. ಈ ಸದ್ದಿಗೆ ಮಾತ್ರ ಮುಖ ತಿರುಗಿಸುತ್ತಾರೆ. ಅತ್ತೆಗೂ ಮಾವನಿಗೂ ಈಗ ಉಳಿದಿರುವ ಮಾತುಕತೆ ಇದೊಂದೇ ಎಂದಳು. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ತಲೆಯಾಡಿಸಿದೆ.

ಆದರೆ ದಿನಾ ಹೋಗತೊಡಗಿದೆ. ಹೋಗದಿದ್ದರೂ ನಡೆಯುತ್ತಿತ್ತು, ಆದರೆ ಮನೆಯಲ್ಲಿ ಮಾಡುವುದೇನು? ಆಕೆ ಒಂದು ದಿನ ನನ್ನ ಕೈಗೆ ಕೋಲು ತುರುಕಿದಳು. ಕಲಿಯಲು ಅಂತ ಕೊಟ್ಟದ್ದು ಪ್ಲಾಸ್ಟಿಕ್ಕಿನದು, ಎರಡೂ ಕಡೆ ಬಟ್ಟಲಿದ್ದು ಸಮತೂಕದ್ದು, ನಡುವೆ ಬೇರಿಂಗ್ ಕೂಡ ಇತ್ತು. ಹಗುರವಾಗಿ, ಸದ್ದಿಲ್ಲದೆ ತಿರುಗುತ್ತಿತ್ತು, ನಮ್ಮವರು ಮೆಚ್ಚುತ್ತಿದ್ದರು. ನೆಲದ ಮೇಲೆ ಉರುಳಿಸಿ, ದಾರದಲ್ಲಿ ಎತ್ತಿ, ಬಲಗೈಯಿಂದ ಎಳೆಯಬೇಕು, ಎಡಗೈಯನ್ನು ಸಡಿಲ ಬಿಡಬೇಕು. ನನ್ನ ಎಡಗೈ ಬಿಗಿಯಾಗುತ್ತಿತ್ತು. ಆಕೆ ಚೀನೀ ಭಾಷೆಯಲ್ಲಿ ಬೈಯುತ್ತ ಎಡಗೈಗೆ ಒಂದು ಏಟು ಕೊಡುತ್ತಿದ್ದಳು. ನಾನು ಕನ್ನಡದಲ್ಲಿ, ಸ್ವಲ್ಪ ತಡೀರಿ, ನಾನೇನು ಹದಿನಾರರ ಹುಡುಗಿಯೇ, ಎಂದು ತಿರುಗಿ ಬೈಯುತ್ತಿದ್ದೆ. ಒಬ್ಬರ ಬೈಗುಳ ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಬಿದಿರಿನದು ಪ್ಲಾಸ್ಟಿಕ್ಕಿನದರ ಹಾಗಲ್ಲ. ತೂಕವೆಲ್ಲ ಒಂದೇ ಮಗ್ಗುಲಿಗೆ, ಹಾಗಾಗಿ ಬಿದ್ದೇ ಹೋಗಬೇಕು. ಆದರೆ ವೇಗವಿದ್ದರೆ ಬೀಳುವ ಬದಲು ಮೆಲ್ಲಗೆ ಒಂದು ಕಡೆಗೆ ಸರಿಯುತ್ತ ಹೋಗುತ್ತದೆ. ಆಡುವವರು ಅದರ ಜೊತೆಗೇ ಹೆಜ್ಜೆ ಹಾಕಿ ನಿಂತಲ್ಲೇ ಸುತ್ತಬೇಕು. ನಿಂತುಬಿಟ್ಟರೆ ದಾರ ತಿರುಚಿಕೊಂಡು ಎಲ್ಲ ಮುಗಿಯಿತು. ಸೆಪ್ಟೆಂಬರಿನ ಹೊತ್ತಿಗೆ ಅದನ್ನೂ ಒಂದಿಷ್ಟು ಹೊತ್ತು ಆಡಿಸುವಷ್ಟಾದೆ. ಆತ ನನಗೂ ಕುರ್ಚಿ ಬಡಿದು ತಪ್ಪು ತೋರಿಸಿದ.

ಅಕ್ಟೋಬರಿನಲ್ಲಿ ಆಕೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ವಾರ ಬಗ್ಗಬಾರದು, ಕೈ ಜಗ್ಗಬಾರದು ಅಂತ ಡಾಕ್ಟರು ಹೇಳಿದರಂತೆ. ಸೊಸೆ ಬಿದಿರಿನ ಬುಗುರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಬಾಗಿಲಿಗೆ ಬಂದಳು. ಮನೆಯಲ್ಲಿ ಬೇರೆ ಯಾರಿಗೂ ಇದನ್ನು ಆಡಿಸಲು ಬರುವುದಿಲ್ಲ, ಪ್ಲಾಸ್ಟಿಕ್ಕಿನದಕ್ಕೆ ಮಾವ ತಿರುಗುವುದಿಲ್ಲ, ಅಷ್ಟು ದಿನ ಸದ್ದಿಲ್ಲದಿದ್ದರೆ ಅವರು ಪೂರ್ತಿ ಒಳಗೆ ಹೋಗಿಬಿಡುತ್ತಾರೇನೋ ಎಂದು ಅತ್ತೆಗೆ ಭಯ. ಬೆಳಗ್ಗೆ ಹೊತ್ತು ನೀವು ಆಡಿಸುತ್ತೀರಾ ಎಂದು ಕೇಳಿದಳು. ಒಳಗೆ ಹೋಗಿಬಿಡುವುದು ಅಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಗಲಿ ಎಂದೆ.

ಮೊದಲ ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಆಯುಧಪೂಜೆ.

ಸಾವಾದ ಮನೆ, ವರ್ಷ ತುಂಬುವ ತನಕ ಹಬ್ಬವಿಲ್ಲ. ಆದರೆ ನಮ್ಮವರಿಗೆ ಆಯುಧಪೂಜೆಯೆಂದರೆ ಮಂತ್ರಕ್ಕಿಂತ ಹೆಚ್ಚಾಗಿ ಎಣ್ಣೆಯ ಹಬ್ಬ. ಬೆಳಗಿನಿಂದ ಬೇಸ್‌ಮೆಂಟಿನಲ್ಲಿ ಕೂತು ಡ್ರಿಲ್ಲು, ಗರಗಸ, ನನ್ನ ಹೊಲಿಗೆ ಮೆಷೀನು, ಈಳಿಗೆಮಣೆ, ಎಲ್ಲವನ್ನೂ ಒರೆಸಿ ಕಬ್ಬಿಣಕ್ಕೆ ಮೆಷೀನೆಣ್ಣೆ, ಮರಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಕುಂಕುಮ ಇಡುತ್ತಿದ್ದರು. ಈ ದೇಶದ ಫರ್ನೇಸು ಮರವನ್ನು ಒಣಗಿಸಿ ಸೀಳಿಬಿಡುತ್ತದೆ ಎನ್ನುವುದು ಅವರ ದೂರು. ಆ ವರ್ಷ ಕುಂಕುಮವಿಲ್ಲ, ಹೂವಿಲ್ಲ. ಎಣ್ಣೆ ಮಾತ್ರ ಹಾಕೋಣ, ವರ್ಷಕ್ಕೊಮ್ಮೆ ಹಾಕದಿದ್ದರೆ ತುಕ್ಕು ಹಿಡಿಯುತ್ತವೆ ಎಂದು ಕೆಳಗಿಳಿದೆ. ಒಂದೊಂದನ್ನೇ ಎತ್ತಿಕೊಂಡು ಒರೆಸಿದೆ, ಹಚ್ಚಿದೆ, ಇಟ್ಟೆ. ಅವರು ಹಿಡಿದು ಹಿಡಿದು ನುಣುಪಾದ ಸುತ್ತಿಗೆಯ ಹಿಡಿಯನ್ನು ಹಿಡಿದಾಗಲೂ ಏನೂ ಆಗಲಿಲ್ಲ. ಕೊನೆಗೆ ಮೇಜಿನ ಮೇಲೆ ಟವೆಲ್ಲಿನಲ್ಲಿದ್ದ ಬುಗುರಿ ಕಾಣಿಸಿತು. ಇದೂ ಒಂದು ಆಯುಧವೇ, ನಮ್ಮ ಮನೆಯಲ್ಲಿರುವಾಗ ಬಿರುಕು ಬಿಟ್ಟರೆ ಗತಿಯೇನು ಅನ್ನಿಸಿತು. ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಚಕ್ರಕ್ಕೆ, ಗೂಟಕ್ಕೆ, ಸೀಳುಗಳ ಅಂಚಿಗೆಲ್ಲ ಧಾರಾಳವಾಗಿ ತಿಕ್ಕಿದೆ. ಬಿದಿರು ಮಿರಮಿರ ಮಿಂಚಿತು. ಚೆನ್ನಾಗಿ ಕಾಣುತ್ತದೆ ಎಂದು ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮಾರನೆಯ ದಿನ ಚಳಿ ಕಡಿಯುತ್ತಿತ್ತು. ಆಕೆ ಆಪರೇಷನ್ನಿನ ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಗಾಲಿಕುರ್ಚಿ. ನಾನು ಬುಗುರಿಯನ್ನು ನೆಲದಲ್ಲಿ ಉರುಳಿಸಿ ಎತ್ತಿದೆ, ಎಳೆದೆ. ದಾರ ಜಾರಿತು. ಮತ್ತೆ ಎಳೆದೆ. ದಾರ ಬೆಣ್ಣೆಯ ಮೇಲೆ ಹರಿದ ಹಾಗೆ ಹರಿಯಿತು, ಬುಗುರಿ ಸೋಮಾರಿಯ ಹಾಗೆ ಒಂದು ಸುತ್ತು ತಿರುಗಿ ಮಗುಚಿಕೊಂಡಿತು. ಆತ ಕುರ್ಚಿ ಬಡಿದ. ಎಷ್ಟು ಸಲ ಎತ್ತಿದರೂ ಅದೇ. ಪಟ್, ಪಟ್, ಪಟ್ ಎಂದು ಬಡಿಯುತ್ತಲೇ ಹೋದ, ಮುಖ ಕೆಂಪಾಯಿತು, ಗಂಟಲಿನಿಂದ ಮಾತಲ್ಲದ ಏನೋ ಬಂತು. ಆಮೇಲೆ ಬಡಿಯುವುದನ್ನು ನಿಲ್ಲಿಸಿದ. ಎಡಗೈ ಕಂಬಳಿಯ ಮೇಲೆ ಬಿತ್ತು, ಮುಖ ಆ ಕಡೆಗೆ ತಿರುಗಿತು.

ಆಕೆ ಎದ್ದು ಬಂದು ನನ್ನ ಕೈಯಿಂದ ಬುಗುರಿಯನ್ನು ತೆಗೆದುಕೊಂಡು ಗೂಟದ ಮೇಲೆ ಹೆಬ್ಬೆರಳು ಆಡಿಸಿದಳು. ಮೂಸಿದಳು. ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಸೀಳುಗಳ ಬಾಯಿಗೆಲ್ಲ ಬೆಳ್ಳಗೆ ಮೆತ್ತಿಕೊಂಡಿತ್ತು. ಆಗ ನನ್ನ ಮಂಡೆಗೆ ಹೊಳೆಯಿತು. ಆ ಗೂಟದಲ್ಲಿ ಬೇರಿಂಗೂ ಇಲ್ಲ ಏನೂ ಇಲ್ಲ. ದಾರ ಮರಕ್ಕೆ ಉಜ್ಜಿದರೇನೇ ಅದು ತಿರುಗುವುದು, ಗಾಳಿ ಅಂಚಿಗೆ ಉಜ್ಜಿದರೇನೇ ಅದು ಕೂಗುವುದು. ಉಜ್ಜಾಟವೇ ಅದರ ಜೀವ. ಜೀವನವಿಡೀ ಉಜ್ಜಾಟದ ಮೇಲೆ ಯುದ್ಧ ಮಾಡಿದವರ ಹೆಂಡತಿ ನಾನು, ಅವರ ಬುದ್ಧಿಯನ್ನೇ ಇದಕ್ಕೂ ಹಚ್ಚಿ ಕೂತಿದ್ದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬುಗುರಿಯನ್ನು ನನ್ನ ಕೈಗೇ ವಾಪಸು ಕೊಟ್ಟು ಕುರ್ಚಿ ತಳ್ಳಿಕೊಂಡು ಹೋದಳು.

ಸಂಜೆ ಸೊಸೆ ಫೋನು ಮಾಡಿದಳು. ಮಾವ ಮಧ್ಯಾಹ್ನ ಊಟಕ್ಕೆ ಬಾಯಿ ತೆರೆಯಲಿಲ್ಲವಂತೆ. ಎರಡು ದಿನ ಬಿಟ್ಟು ಮತ್ತೆ ಫೋನು ಮಾಡಿ, ಇನ್ನೂ ಹಾಗೇ ಇದ್ದಾರೆ, ನೀರು ಮಾತ್ರ ಕುಡಿಯುತ್ತಾರೆ ಎಂದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ, ಸುಸ್ತು ಇತ್ತು.

ಅಷ್ಟರಲ್ಲಿ ನಾನು ಕೆಲಸಕ್ಕೆ ಕೂತಾಗಿತ್ತು. ನೀರು ಹಾಕಿ ತೊಳೆಯುವಂತಿಲ್ಲ, ಬಿದಿರನ್ನು ಕೂಡಿಸಿದ ಅಂಟು ಬಿಡುತ್ತದೆ. ಮಗಳು ಬಿಟ್ಟುಹೋದ ಹೇರ್ ಡ್ರೈಯರಿನಿಂದ ಎಣ್ಣೆ ಕರಗಿಸಿದೆ. ಒಳಗಿಳಿದದ್ದನ್ನು ತೆಗೆಯುವುದು ಹೇಗೆ? ದೇವರ ದೀಪಕ್ಕೆ ಹೊಸೆದಿಟ್ಟ ಹತ್ತಿಯ ಬತ್ತಿಗಳಿದ್ದವು. ಎಣ್ಣೆ ಹೀರುವುದಕ್ಕೆಂದೇ ಹುಟ್ಟಿದವು ಅವು. ಒಂದೊಂದು ಸೀಳಿಗೂ ಒಂದೊಂದು ಬತ್ತಿ ಇಳಿಬಿಟ್ಟು ಇಟ್ಟೆ, ನೆನೆದವನ್ನು ತೆಗೆದು ಹೊಸವನ್ನು ಹಾಕಿದೆ. ಒದ್ದೆಯಾದವನ್ನು ಎಸೆಯಲು ಮನಸ್ಸು ಬಾರದೆ ದೇವರ ಮುಂದೆ ಹಚ್ಚಿದೆ. ಬತ್ತಿ ಒಣಗಿಕೊಂಡೇ ಹೊರಬರುವ ತನಕ ಹಾಗೆ ನಡೆಯಿತು. ಗೂಟದ ಜಿಡ್ಡು ಮಾತ್ರ ಬಿಡಲಿಲ್ಲ. ತಲೆಯ ಜಿಡ್ಡು ತೆಗೆಯುವುದಕ್ಕೆ ನಮ್ಮಲ್ಲಿ ಇರುವುದೊಂದೇ ಮದ್ದು. ಡಬ್ಬದಿಂದ ಸೀಗೆಪುಡಿ ತೆಗೆದು, ಒಂದಿಷ್ಟು ಕಡಲೆಹಿಟ್ಟು ಬೆರೆಸಿ, ಒಣಪುಡಿಯನ್ನೇ ಬೆರಳಿನಿಂದ ಗೂಟಕ್ಕೆ ಹಾಕಿ ಉಜ್ಜಿದೆ. ದಾರಕ್ಕೂ ಉಜ್ಜಿದೆ, ಚಕ್ರಕ್ಕೂ ಉಜ್ಜಿದೆ.

ದೀಪಾವಳಿಗೆ ನಮ್ಮವರ ತಲೆಗೆ ಎಣ್ಣೆಯೊತ್ತಿ ಸೀಗೆ ಹಾಕುತ್ತಿದ್ದವಳು ನಾನೇ. ದೊಡ್ಡ ಇಂಜಿನಿಯರು, ಬಚ್ಚಲಲ್ಲಿ ಮಣೆಯ ಮೇಲೆ ಕೂತರೆ ಚಿಕ್ಕ ಮಗುವಿಗಿಂತ ಕಡೆ. ಪ್ರತಿ ವರ್ಷವೂ ಕಣ್ಣು ಬಿಟ್ಟುಬಿಡುತ್ತಿದ್ದರು, ಪ್ರತಿ ವರ್ಷವೂ "ಕಣ್ಣಿಗೆ ಹೋಯ್ತು ಕಣೇ" ಎಂದು ಅಕ್ಕಪಕ್ಕದ ಮನೆಗೆ ಕೇಳುವ ಹಾಗೆ ಕೂಗುತ್ತಿದ್ದರು. ಅಡುಗೆಮನೆಯ ಮೇಜಿಗೆ ಬಗ್ಗಿ ಗೂಟ ಉಜ್ಜುತ್ತಿರುವಾಗ ಯಾರೋ ಮಾತಾಡಿದ ಹಾಗಾಯಿತು. "ಕಣ್ಣು ಮುಚ್ಕೊಳ್ರೀ." ಮಾತಾಡಿದ್ದು ನಾನೇ, ಗಟ್ಟಿಯಾಗಿಯೇ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಈಗ ಬರುತ್ತದೆ, ಈಗ ಬಂದೇ ಬರುತ್ತದೆ ಎಂದು ಕಣ್ಣು ಮುಚ್ಚಿ ಕಾದೆ. ಬಂದದ್ದು ಸೀನು. ಸೀಗೆಯ ಘಾಟಿಗೆ ಒಂದರ ಮೇಲೊಂದು ಸೀನಿ, ಮೂಗು ಒರೆಸಿಕೊಂಡು, ಮತ್ತೆ ಉಜ್ಜಲು ಕೂತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಬೆಳಗ್ಗೆ ಬರಲೇಬೇಕೆಂದು ನಾನೇ ಸೊಸೆಗೆ ಹೇಳಿ ಕರೆಸಿದೆ. ಅತ್ತೆ, ಸೊಸೆ ಇಬ್ಬರೂ ಕುರ್ಚಿ ತಳ್ಳಿಕೊಂಡು ಬಂದರು. ಆತ ನನ್ನ ಕಡೆ ನೋಡಲಿಲ್ಲ. ಮುಖ ಮರಗಳ ಕಡೆಗೆ ಇತ್ತು, ಮರಗಳನ್ನೂ ನೋಡುತ್ತಿದ್ದ ಹಾಗಿರಲಿಲ್ಲ. ಆ ಮುಖದ ಗುರುತು ನನಗಿತ್ತು. ಫೆಬ್ರವರಿಯಿಂದ ಹಲ್ಲುಜ್ಜುವಾಗ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದದ್ದೇ.

ಬುಗುರಿಯನ್ನು ಉರುಳಿಸಿ ಎತ್ತಿದೆ. ದಾರ ಗೂಟವನ್ನು ಕಚ್ಚಿ ಹಿಡಿಯಿತು. ಎಳೆದೆ, ಸಡಿಲ ಬಿಟ್ಟೆ, ಎಳೆದೆ. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ನೆಗಡಿಯಾದವರ ಗಂಟಲಿನಂಥ ಒಂದು ಗೊರಗೊರ. ಸೀಳುಗಳಲ್ಲಿ ಉಳಿದಿದ್ದ ಸೀಗೆಪುಡಿ ವೇಗ ಹೆಚ್ಚಿದಂತೆ ಹೊರಗೆ ಹಾರತೊಡಗಿತು, ಕಂದು ಬಣ್ಣದ ಒಂದು ಸಣ್ಣ ಮೋಡ. ಗಾಳಿ ನನ್ನ ಕಡೆಗಿತ್ತು. ಪುಡಿ ಎರಡು ಕಣ್ಣಿಗೂ ಬಿತ್ತು.

ಸೀಗೆ ಕಣ್ಣಿಗೆ ಬಿದ್ದವರಿಗೇ ಗೊತ್ತು ಆ ಉರಿ. ಕಣ್ಣು ಬಿಡಲಾಗಲಿಲ್ಲ, ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಕೋಲು. ಕೈ ನಿಲ್ಲಿಸಿದರೆ ದಾರ ಸೋಲುತ್ತದೆ, ದಾರ ಸೋತರೆ ಬುಗುರಿ ಬೀಳುತ್ತದೆ. ಕಣ್ಣು ಮುಚ್ಚಿಕೊಂಡೇ ಎಳೆದೆ, ತೂಕ ಸರಿದ ಕಡೆಗೆ ಹೆಜ್ಜೆ ಹಾಕುತ್ತ ಸುತ್ತಿದೆ. ಗಂಟಲು ಸರಿಯಾದ ಹಾಗೆ ಸ್ವರ ಬಿಟ್ಟುಕೊಂಡು ಗುಂಯ್ ಎಂದು ಏರಿತು. "ಕಣ್ಣಿಗೆ ಹೋಯ್ತು ಕಣ್ರೀ," ಎಂದೆ. ಅಷ್ಟು ಅಂದದ್ದೇ ತಡ, ಹೊಟ್ಟೆಯೊಳಗಿನಿಂದ ಏನೋ ಕಿತ್ತುಕೊಂಡು ಬಂತು. ಅದು ಸೀಗೆಯ ಉರಿಯಲ್ಲ. ಬಾಯಿಬಿಟ್ಟು, ಪಾರ್ಕಿನಲ್ಲಿ ನಾಲ್ಕು ಜನ ನೋಡುವ ಹಾಗೆ, ಹೋ ಎಂದು ಅತ್ತುಬಿಟ್ಟೆ. ಎಳೆತ ತಪ್ಪಿತು. ಸ್ವರ ಇಳಿಯಿತು.

ಪಟ್ ಎಂದು ಸದ್ದಾಯಿತು. ಆತ ಕುರ್ಚಿ ಬಡಿದಿದ್ದ.

ಅಳುತ್ತಲೇ ಜೋರಾಗಿ ಎಳೆದೆ.